ಗೊತ್ತಿದ್ದೂ ಕೈ ಮುಗಿಯುವುದು

ನಮ್ಮ ಕೊಪ್ಪಳ ಸೀಮೆಯ ಕಿನ್ನಾಳದಲ್ಲಿ ಮಾಡುವ ಮರದ ಗರುಡನೊಳಗೆ 12 ತುಂಡುಗಳಿರುತ್ತವೆ. ಸಿಂಹಾಸನದ ಮೇಲೆ ಕೂತ ಗಣಪತಿಯೊಳಗೆ 22. ರೆಕ್ಕೆ ಬೇರೆ, ಮೂಗು ಬೇರೆ, ತೋಳು ಬೇರೆ, ಪೀಠ ಬೇರೆ. ಹಗುರ ಮರದಲ್ಲಿ ಒಂದೊಂದನ್ನೇ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಆಮೇಲೆ ಕಿಟ್ಟ ಬಳಿಯುವ ಕೆಲಸ. ಸೆಣಬಿನ ಚಿಂದಿಯನ್ನು ನೆನೆಹಾಕಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟಿನ ಜೊತೆ ಅದೇ ಹುಣಸೆ ಅಂಟಿನಲ್ಲಿ ಕಲಸಿದರೆ ಕಿಟ್ಟ ಆಯಿತು. ಅದನ್ನು ಬರಿಗೈಯಿಂದ ಮೈತುಂಬ ಬಳಿದಾಗ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಅದರ ಮೇಲೆ ಹತ್ತಿಯ ತುಣುಕು, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಕೊರಳ ಸರ, ತೋಳಬಂದಿ, ಕಿರೀಟದ ಹರಳು, ಎಲ್ಲವೂ ಕಲ್ಲಿನ ಪುಡಿಗೆ ಅಂಟು ಬೆರೆಸಿ ಉಬ್ಬಿಸಿದ್ದೇ. ದೇವರ ಮೈಯೊಳಗೆ ಏನೇನಿದೆ ಎಂಬುದು ಚಿತ್ರಗಾರನಷ್ಟು ಇನ್ನಾರಿಗೂ ಗೊತ್ತಿಲ್ಲ. ಕೆಲಸ ಮುಗಿದ ಮೇಲೆ ಆ ದೇವರಿಗೆ ಮೊದಲು ಕೈ ಮುಗಿಯುವವನೂ ಅವನೇ.

ಇದು ನನ್ನನ್ನು ಬಹಳ ದಿನದಿಂದ ಕಾಡಿದ ವಿಷಯ. ಬೆರಗು ಎನ್ನುವುದು ತಿಳಿಯದವರ ಪಾಲು, ತಿಳಿದವರಿಗೆ ಅದು ಉಳಿಯುವುದಿಲ್ಲ ಎಂದು ನಾವೆಲ್ಲ ಹೇಗೋ ಒಪ್ಪಿಕೊಂಡುಬಿಟ್ಟಿದ್ದೇವೆ. ಜಾದೂಗಾರನ ಗುಟ್ಟು ತಿಳಿದರೆ ಆಟ ಮುಗಿಯಿತು ಎನ್ನುತ್ತೇವೆ. ಹಾಗಾದರೆ ಕಿನ್ನಾಳದಲ್ಲಿ ತಲೆಮಾರುಗಳಿಂದ ನಡೆದು ಬಂದದ್ದು ಏನು? ಈ ಪ್ರಶ್ನೆಗೆ ನನಗೆ ದಾರಿ ತೋರಿಸಿದ್ದು ಶಾಸ್ತ್ರವಲ್ಲ, ಸಿನಿಮಾ. ಅದರಲ್ಲೂ ಒಬ್ಬನೇ ನಟ.

1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇವೆಲ್ಲ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಹುಬ್ಬಳ್ಳಿ ಮುಂಬಯಿ ರಾಜ್ಯದಲ್ಲಿತ್ತು, ಬೆಂಗಳೂರು ಮೈಸೂರಿನಲ್ಲಿ. ಕಣ್ಣಪ್ಪನಾಗಿ ನಿಂತ ಹುಡುಗನ ಊರು ಗಾಜನೂರು ಮದರಾಸ್ ರಾಜ್ಯದ್ದು. ಕನ್ನಡದ ಜನ ಹೀಗೆ ನಾಲ್ಕು ಕಡೆ ಹಂಚಿಹೋಗಿದ್ದಾಗ ಅವರೆಲ್ಲರೂ ಒಂದೇ ಮುಖವನ್ನು ನೋಡತೊಡಗಿದರು. ರಾಜ್ಯ ಕೂಡಿದ್ದು 1956ರ ನವೆಂಬರ್ 1ಕ್ಕೆ. ಬೆಳ್ಳಿತೆರೆಯಲ್ಲಿ ಅದು ಎರಡು ವರ್ಷ ಮೊದಲೇ ಕೂಡಿತ್ತು ಎಂದರೆ ತುಸು ಅತಿಯಾದೀತು, ಪೂರ್ತಿ ಸುಳ್ಳಾಗಲಿಕ್ಕಿಲ್ಲ. ವಿಚಿತ್ರವೆಂದರೆ ಆ ಹುಡುಗನ ಗಾಜನೂರು ಮಾತ್ರ ಈ ಕೂಡಿಕೆಗೆ ಸಿಗಲಿಲ್ಲ. ಇಂದಿಗೂ ತಮಿಳುನಾಡಿನ ತಾಳವಾಡಿ ಸೀಮೆಯಲ್ಲೇ ಇದೆ. ಕವಿರಾಜಮಾರ್ಗ ಕನ್ನಡ ನಾಡಿಗೆ ಎಳೆದ ತೆಂಕಣ ಗೆರೆ ಕಾವೇರಿ. ಗಾಜನೂರು ಆ ಗೆರೆಯ ಆಚೆಗಿದೆ. ಅದೇ ಗ್ರಂಥ ಕನ್ನಡದ ತಿರುಳು ಎಂದು ಹೆಸರಿಸಿದ ನೆಲದಲ್ಲಿ ಕೊಪಣ, ಅಂದರೆ ನಮ್ಮ ಕೊಪ್ಪಳ, ಸೇರಿದೆ. ಗೆರೆಯ ಆಚೆಗೆ ಹುಟ್ಟಿದವನನ್ನು ತಿರುಳಿನ ನಾಡಿನವರು ನಮ್ಮವನು ಎಂದುಕೊಂಡರು. ಅವನ ಊರು ಯಾವ ಕಡೆಗಿದೆ ಎಂದು ಟೆಂಟಿನಲ್ಲಿ ಕೂತ ಯಾರೂ ಕೇಳಿದಂತಿಲ್ಲ.

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಹುಟ್ಟಿದ್ದು 1929ರ ಏಪ್ರಿಲ್ 24ರಂದು. ತಂದೆ ರಂಗನಟ. ಮಗನೂ ತಂದೆಯ ಬೆನ್ನಿಗೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ಶಾಲೆಯಲ್ಲಿ ಕಲಿತದ್ದು ಕಡಿಮೆ. ಕಲಿತದ್ದೆಲ್ಲ ರಂಗದ ಮೇಲೆ. ಎಚ್.ಎಲ್.ಎನ್. ಸಿಂಹ ಅವನನ್ನು ಕಣ್ಣಪ್ಪನ ಪಾತ್ರಕ್ಕೆ ಆರಿಸಿ ರಾಜಕುಮಾರ್ ಎಂದು ಹೆಸರಿಟ್ಟರು. ಅದಕ್ಕೆ ಮುಂಚೆ 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬನಾಗಿ ಸುಮ್ಮನೆ ನಿಂತುಹೋದವನು. ಏಳು ಗಡ್ಡಗಳ ನಡುವೆ ಅವನ ಗಡ್ಡ ಯಾವುದೆಂದು ಹುಡುಕುವುದು ಈಗ ಅಭಿಮಾನಿಗಳಿಗೆ ಒಂದು ಆಟ.

ಕಣ್ಣಪ್ಪನ ಕಥೆ ಈ ಸೀಮೆಗೆ ಹೊಸದಾಗಿರಲಿಲ್ಲ. ನದಿಯಾಚೆಯ ಹಂಪಿಯಲ್ಲಿ ಕೂತು ಹರಿಹರ ಕಣ್ಣಪ್ಪನ ಮೇಲೆ ರಗಳೆ ಬರೆದದ್ದು ಎಷ್ಟೋ ಶತಮಾನಗಳ ಹಿಂದೆ. ಬೇಡರ ಓಣಿಯಿಲ್ಲದ ಊರು ಇಲ್ಲಿ ಹುಡುಕಿದರೆ ಸಿಕ್ಕೀತು. ಹೀಗೆ ಕಥೆ ಗೊತ್ತಿದ್ದವರೇ ಚಿತ್ರ ನೋಡಲು ಕೂತರು. ಲಿಂಗದ ಕಣ್ಣಲ್ಲಿ ರಕ್ತ ಸುರಿಯುತ್ತದೆ, ಬೇಡ ತನ್ನ ಒಂದು ಕಣ್ಣು ಕಿತ್ತು ಇಡುತ್ತಾನೆ, ಎರಡನೆಯದನ್ನು ಕೀಳುವ ಮೊದಲು ಗುರುತಿಗೆಂದು ಕಾಲಿನ ಹೆಬ್ಬೆರಳನ್ನು ಅಲ್ಲಿ ಊರುತ್ತಾನೆ. ಇದೆಲ್ಲ ಆಗುತ್ತದೆ ಎಂದು ತಿಳಿದಿತ್ತು. ತೆರೆಯ ಮೇಲಿನ ರಕ್ತ ರಕ್ತವಲ್ಲ ಎಂದೂ ತಿಳಿದಿತ್ತು, ಏಕೆಂದರೆ ಬಯಲಾಟದಲ್ಲಿ ಬಣ್ಣ ಹಚ್ಚುವವರು ಅವರ ಅಣ್ಣತಮ್ಮಂದಿರೇ. ಹಗಲು ಎತ್ತಿನ ಹಿಂದೆ ನಡೆದವನೇ ರಾತ್ರಿ ಕಿರೀಟ ಇಟ್ಟು ಅಬ್ಬರಿಸುವುದನ್ನು ಕಂಡವರು. ಆದರೂ ಗಂಟಲು ಕಟ್ಟಿತು. ಈ ‘ಆದರೂ’ ಎಲ್ಲಿಂದ ಬರುತ್ತದೆ?

ನಟನ ಮುಂದಿನ ದಾರಿ ನೋಡಿದರೆ ಇನ್ನೂ ಸೋಜಿಗ. 1958ರ ‘ಭೂಕೈಲಾಸ’ದಲ್ಲಿ ರಾವಣ. ಮರುವರ್ಷ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷಾಸುರ. 1960ರಲ್ಲಿ ಕನಕದಾಸ ಮತ್ತು ರಣಧೀರ ಕಂಠೀರವ. ಆಮೇಲೆ ಕಬೀರ, ತುಕಾರಾಮ, ಸರ್ವಜ್ಞ, ಹರಿಶ್ಚಂದ್ರ. 1966ರಲ್ಲಿ ‘ಮೋಹಿನಿ ಭಸ್ಮಾಸುರ’ದ ಭಸ್ಮಾಸುರನೂ ಅವನೇ, ‘ಮಂತ್ರಾಲಯ ಮಹಾತ್ಮೆ’ಯ ರಾಘವೇಂದ್ರ ಸ್ವಾಮಿಯೂ ಅವನೇ. ತುಂಗಭದ್ರೆಯ ದಂಡೆಯ ನಮಗೆ ಮಂತ್ರಾಲಯ ದೂರದ್ದೇನಲ್ಲ. ರಾಯರ ಮೇಲೆ ಆಣೆ ಇಟ್ಟು ಬದುಕುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಬೂದಿಯಾದ ರಾಕ್ಷಸನ ಮುಖವನ್ನೇ ಹೊತ್ತು ಬಂದ ರಾಯರಿಗೆ ಆ ಮನೆಯವರು ಕೈ ಮುಗಿದರು. ಮುಖ ಒಂದೇ ಎಂಬುದು ಕಾಣದವರು ಯಾರಿದ್ದರು?

ಹಾಲಿವುಡ್ಡಿನ ದೊಡ್ಡ ನಾಯಕರಲ್ಲಿ ಇಂಥದ್ದು ನಡೆದದ್ದು ಕಡಿಮೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1904ರಲ್ಲಿ ಹುಟ್ಟಿದ ಆರ್ಚಿಬಾಲ್ಡ್ ಲೀಚ್ ಎಂಬ ಬಡ ಹುಡುಗ ಕಸರತ್ತಿನ ಮೇಳವೊಂದರ ಜೊತೆ ಅಮೆರಿಕಕ್ಕೆ ಹೋದ. ಸ್ಟುಡಿಯೋ ಅವನನ್ನು ಕ್ಯಾರಿ ಗ್ರಾಂಟ್ ಮಾಡಿತು. ಹೊಸ ಹೆಸರು, ಮೇಳದ ಹುಡುಗ, ಬಡತನ, ಇಷ್ಟರ ಮಟ್ಟಿಗೆ ನಮ್ಮ ಮುತ್ತುರಾಜನಿಗೆ ಅಣ್ಣನಾಗಬೇಕು. 1932ರಿಂದ 1966ರವರೆಗೆ 70ಕ್ಕೂ ಹೆಚ್ಚು ಚಿತ್ರಗಳಲ್ಲಿ ಅವನು ನಟಿಸಿದ. ಆದರೆ ಜನ ಅವನಿಂದ ಕೇಳಿದ್ದು ಹೆಚ್ಚುಕಡಿಮೆ ಒಬ್ಬನೇ ಮನುಷ್ಯನನ್ನು: ಸೂಟು ಹಾಕಿದ, ಚತುರ ಮಾತಿನ, ಎಂದೂ ಬೆವರದ ಸೊಗಸುಗಾರ. 1927ರಲ್ಲಿ ಏಸುವಿನ ಪಾತ್ರ ಮಾಡಿದ ಎಚ್.ಬಿ. ವಾರ್ನರ್‌ನಿಂದ ನಿರ್ದೇಶಕ ಡಿಮಿಲ್ ಕರಾರು ಬರೆಸಿಕೊಂಡಿದ್ದ; ಆ ಪಾವಿತ್ರ್ಯಕ್ಕೆ ಕುಂದು ತರುವ ಪಾತ್ರಗಳನ್ನು ಐದು ವರ್ಷ ಮಾಡಕೂಡದು ಎಂದು. ದೇವರ ಮುಖ ಬೇರೆ ಮುಖಗಳ ಜೊತೆ ಬೆರೆತರೆ ಜನರ ನಂಬಿಕೆ ಕರಗೀತೆಂಬ ಅಂಜಿಕೆ ಅದು. ಇಲ್ಲಿ ರಾವಣ, ರಾಯರು, ಭಸ್ಮಾಸುರ, ಕಬೀರ ಒಂದೇ ಮುಖದ ಮೇಲೆ ಸಾಲಾಗಿ ಬಂದು ಹೋದರು, ನಂಬಿಕೆಗೆ ಏನೂ ಆಗಲಿಲ್ಲ. 1968ರ ‘ಜೇಡರ ಬಲೆ’ಯಲ್ಲಿ ಅದೇ ಮುಖ ಪಿಸ್ತೂಲು ಹಿಡಿದು ಗೂಢಚಾರನಾಯಿತು, ಆಗಲೂ ಯಾರಿಗೂ ಮುಜುಗರವಾಗಲಿಲ್ಲ.

ಕಿನ್ನಾಳದ ಪಡಸಾಲೆ ನೆನಪಿಸಿಕೊಂಡರೆ ಇದು ಅಷ್ಟು ವಿಚಿತ್ರ ಅನ್ನಿಸುವುದಿಲ್ಲ. ಅಲ್ಲಿ ಒಂದೇ ಹಲಗೆಯ ಮೇಲೆ ಒಣಗಲು ಇಟ್ಟ ತಲೆಗಳಲ್ಲಿ ಯಾವುದು ದೇವಿಯದು, ಯಾವುದು ಅವಳ ಕಾಲಡಿ ಬೀಳುವ ರಾಕ್ಷಸನದು ಎಂದು ಬಣ್ಣ ಬರುವವರೆಗೆ ಹೊರಗಿನವರಿಗೆ ತಿಳಿಯುವುದಿಲ್ಲ. ಮರ ಒಂದೇ, ಅಂಟು ಒಂದೇ, ಕಿಟ್ಟ ಒಂದೇ. ಹಂಪಿಯ ಪಂಪಾಪತಿಯ ಗುಡಿಯ ಛಾವಣಿಗೆ ಚಿತ್ರ ಬರೆದವರು ಈ ಚಿತ್ರಗಾರರ ಹಿರಿಯರು ಎಂಬ ಮಾತಿದೆ. ಈಗ ಅವರ ಗೊಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂದಿದೆ, ಅಂದರೆ ಇದು ಕಿನ್ನಾಳದ್ದೇ ಎಂದು ಸರ್ಕಾರದ ಕಾಗದವೂ ಹೇಳುತ್ತದೆ. ಅವರ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಸಂದು ಮುಚ್ಚುವ ಗಳಿಗೆ. ಹನ್ನೆರಡು ತುಂಡುಗಳು ಹನ್ನೆರಡಾಗಿಯೇ ಕಾಣುತ್ತಿರುತ್ತವೆ. ಒಂದು ಬೊಗಸೆ ಕಿಟ್ಟ ಮೇಲೆ ಬಿದ್ದ ಮೇಲೆ ಅಲ್ಲಿ ಒಂದು ಪಕ್ಷಿ ಕೂತಿರುತ್ತದೆ.

ರಾಜಕುಮಾರರ ಚಿತ್ರಗಳಲ್ಲಿ ನಾನು ಹುಡುಕುವುದು ಈ ಸಂದುಗಳನ್ನೇ. 1974ರವರೆಗೆ ತೆರೆಯ ಮೇಲೆ ಅವರು ಹಾಡಿದ್ದೆಲ್ಲ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸರ ಕಂಠ. ಆಂಧ್ರದ ಕಾಕಿನಾಡದಿಂದ ಬಂದವರ ಕಂಠ, ಗಾಜನೂರಿನವರ ತುಟಿ. ನಮ್ಮ ಅಜ್ಜಿಯರಿಗೆ ಇದು ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ರೇಡಿಯೋದಲ್ಲಿ ಹೆಸರು ಹೇಳಿಯೇ ಹಾಡು ಹಾಕುತ್ತಿದ್ದರು. ಕೇಳಿಯೂ, ಹಾಡುವುದು ರಾಜಕುಮಾರನೇ ಎನ್ನುತ್ತಿದ್ದರು. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ಸಂದು ಇನ್ನೂ ಸೂಕ್ಷ್ಮ. ಶಹನಾಯಿಯ ಉಸಿರು ಕಾಶಿಯ ಬಿಸ್ಮಿಲ್ಲಾ ಖಾನರದು. ಉಬ್ಬುವ ಕೆನ್ನೆ, ಕುಣಿಯುವ ಬೆರಳು, ಒದ್ದೆಯಾಗುವ ಕಣ್ಣು ರಾಜಕುಮಾರರದು. ಆ ಉಸಿರು ಈ ಕೆನ್ನೆಯದಲ್ಲ ಎಂದು ನೆನಪಿಟ್ಟುಕೊಂಡೇ ನೋಡಬೇಕು ಎಂದು ಹಟ ಹಿಡಿದು ಕೂತಿದ್ದೇನೆ. ಅಪ್ಪಣ್ಣ ಊದತೊಡಗಿದ ಸ್ವಲ್ಪ ಹೊತ್ತಿಗೆ ಹಟ ಎಲ್ಲಿ ಹೋಯಿತೋ.

1974ರ ಮಾತು ಬಂದದ್ದಕ್ಕೆ ಹೇಳಬೇಕು. ‘ಸಂಪತ್ತಿಗೆ ಸವಾಲ್’ ಮೂಲತಃ ನಮ್ಮ ಕಡೆಯ ಕಂಪನಿ ನಾಟಕ. ಕುಷ್ಟಗಿಗೆ ಅಂಟಿಕೊಂಡ ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರು ಬರೆದದ್ದು. ಅದರ ಸಿನಿಮಾದಲ್ಲಿ ರಾಜಕುಮಾರ್ ಎಮ್ಮೆಯ ಮೇಲೆ ಕೂತು ತಮ್ಮದೇ ದನಿಯಲ್ಲಿ ಹಾಡಿದರು. ಅದಕ್ಕೂ ಮುಂಚೆ ‘ಮಹಿಷಾಸುರ ಮರ್ದಿನಿ’ಯಲ್ಲಿ ಹಾಡಿದ್ದುಂಟು, ಆದರೆ ಜನ ಎದ್ದು ಕೂತು ಕೇಳಿದ್ದು ಈ ಎಮ್ಮೆ ಹಾಡಿನಿಂದ. ಅಲ್ಲಿಂದಾಚೆಗೆ ದನಿಯೂ ಅವರದೇ ಆಯಿತು. ಇಪ್ಪತ್ತು ವರ್ಷ ಒಂದು ಕಂಠಕ್ಕೆ ಒಗ್ಗಿದ ಜನ ಹೊಸ ಕಂಠವನ್ನು ಒಪ್ಪಿಕೊಳ್ಳಲು ಒಂದು ವಾರವೂ ಹಿಡಿಯಲಿಲ್ಲ! ಅದಕ್ಕಿಂತ ದೊಡ್ಡ ಸೋಜಿಗ 1977ರ ‘ಬಭ್ರುವಾಹನ’. ಅರ್ಜುನನೂ ಅವರೇ, ಬಭ್ರುವಾಹನನೂ ಅವರೇ. ತಂದೆ ಮಗ ಎದುರುಬದುರು ನಿಂತು ಹಂಗಿಸಿಕೊಳ್ಳುವ ಹಾಡಿನಲ್ಲಿ ಒಂದು ಮುಖಕ್ಕೆ ಶ್ರೀನಿವಾಸರ ಕಂಠ, ಇನ್ನೊಂದಕ್ಕೆ ರಾಜಕುಮಾರರದೇ ಕಂಠ. ಅದೇ ಮನುಷ್ಯ ತನ್ನ ಹಳೆಯ ದನಿಯ ಜೊತೆ ಹೊಸ ದನಿಯಲ್ಲಿ ಜಗಳಕ್ಕೆ ನಿಂತಿದ್ದ. ಸಂದುಗಳನ್ನು ಬಚ್ಚಿಡುವ ಗೋಜಿಗೇ ಯಾರೂ ಹೋಗಿಲ್ಲ. ನೋಡಿದವರಿಗೆ ಕಂಡದ್ದು ಮಾತ್ರ ಅರ್ಜುನ ಮತ್ತು ಅವನ ಮಗ.

ಈ ಸೀಮೆಯ ನೆಲಕ್ಕೆ ತೀರ ಹತ್ತಿರ ಬಂದ ಚಿತ್ರ ಯಾವುದು ಎಂದರೆ ಪುರಾಣದ್ದಲ್ಲ, 1972ರ ‘ಬಂಗಾರದ ಮನುಷ್ಯ’. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಪಟ್ಟಣದಿಂದ ಬಂದ ರಾಜೀವ ಕಲ್ಲು ಬಿದ್ದ ನೆಲ ಒಡೆದು ಬೆಳೆ ತೆಗೆಯುತ್ತಾನೆ. ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು, ನೋಡಿದ ಹುಡುಗರು ಊರಿಗೆ ಮರಳಿ ನೇಗಿಲು ಹಿಡಿದರು ಎಂಬ ಕಥೆಗಳಿವೆ. ನಮ್ಮಲ್ಲಿ ಅದು ಎರಡು ಬಗೆಯಲ್ಲಿ ಮುಟ್ಟಿರಬೇಕು ಎಂದು ನನ್ನ ಎಣಿಕೆ. ಮುನಿರಾಬಾದಿನ ಅಣೆಕಟ್ಟು 1953ರಲ್ಲೇ ಮುಗಿದಿತ್ತು. ಎಡದಂಡೆ ಕಾಲುವೆಯ ನೀರು ಕುಡಿದ ಗಂಗಾವತಿ ಭತ್ತದ ಹಸಿರಿಗೆ ತಿರುಗಿತ್ತು. ಅಲ್ಲಿ ರಾಜೀವನ ಗೆಲುವು ಪಕ್ಕದ ಹೊಲದಲ್ಲಿ ಆದದ್ದೇ. ಕುಷ್ಟಗಿ, ಯಲಬುರ್ಗಾದ ಎರೆ ಹೊಲದವನು ಮುಗಿಲು ನೋಡುತ್ತಲೇ ಇದ್ದ. ಅವನಿಗೆ ರಾಜೀವ ಗರುಡನಷ್ಟೇ ಪುರಾಣ. ಎರಡೂ ಊರಿನವರು ಒಂದೇ ಕಡೆ ಅತ್ತರು: ಕೊನೆಗೆ ರಾಜೀವ ಎಲ್ಲವನ್ನೂ ಬಿಟ್ಟು ಬರಿಗೈಯಲ್ಲಿ ಹೊರಟಾಗ.

ಹಳೆಯ ಕಪ್ಪು ಬಿಳುಪಿನ ಚಿತ್ರಗಳಿಗೆ ಬಣ್ಣ ಬಳಿಯುವ ಕೆಲಸವೂ ನಡೆದಿದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣದಲ್ಲಿ ಬಂತು, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ. ನಮ್ಮ ಕಡೆ ದ್ಯಾಮವ್ವ ದುರಗವ್ವರ ಮರದ ಮೂರ್ತಿಗಳು ಜಾತ್ರೆಗೆ ಮುಂಚೆ ಚಿತ್ರಗಾರರ ಕೈಗೆ ಬರುತ್ತವೆ. ಹಳೆ ಬಣ್ಣ ಹೆರೆದು ಹೊಸದು ಹಚ್ಚಿ, ಎಲ್ಲಕ್ಕೂ ಕೊನೆಗೆ ಕಣ್ಣು ತಿದ್ದಿದ ಮೇಲೆಯೇ ಅವ್ವ ಮತ್ತೆ ಅವ್ವ. ಸಿನಿಮಾದವರು ಮಾಡಿದ್ದೂ ಅದನ್ನೇ ಎನ್ನಲು ನನ್ನ ಮನಸ್ಸು ಒಪ್ಪದು. ಸ್ಮಶಾನದಲ್ಲಿ ಎಂ.ಪಿ. ಶಂಕರರ ವೀರಬಾಹುವಿನ ಆಳಾಗಿ ನಿಂತ ಹರಿಶ್ಚಂದ್ರನಿಗೆ ಆ ಕತ್ತಲೆಯೇ ಕಿಟ್ಟವಾಗಿತ್ತು. ಬಣ್ಣ ಬಂದ ಮೇಲೆ ಹಿಂದಿನ ಪರದೆ, ಗೋಡೆ, ವೇಷ ಎಲ್ಲ ಬೇರೆ ಬೇರೆಯಾಗಿ ಕಾಣತೊಡಗಿದವು. ಆದರೆ ಬಣ್ಣದ ಹರಿಶ್ಚಂದ್ರನನ್ನೂ ಜನ ಮುಗಿಬಿದ್ದು ನೋಡಿದರು. ಜಾತ್ರೆಯಲ್ಲಿ ನನ್ನ ಮಾತು ಕೇಳುವವರು ಯಾರು?

ಕಣ್ಣಿನ ಮಾತು ಇನ್ನೊಂದಿದೆ. 2006ರ ಏಪ್ರಿಲ್ 12ರಂದು ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ನಾಯಕನಾದ ಮೊದಲ ಚಿತ್ರದಲ್ಲಿ ಕಣ್ಣು ಕೊಟ್ಟವನು ಕೊನೆಗೂ ಕೊಟ್ಟ ಎಂದು ಊರೂರಲ್ಲಿ ಹೇಳಿದರು. ಆಟೋಗಳ ಹಿಂದೆ ಬರೆದರು. ಇಂಥ ಹೊಂದಿಕೆಗಳನ್ನು ನಾನು ಸಾಮಾನ್ಯವಾಗಿ ನಂಬುವವನಲ್ಲ. ಬದುಕು ಕಥೆಗಾರನಂತೆ ಯೋಚಿಸುವುದಿಲ್ಲ. ಆದರೆ ಇಲ್ಲಿ ಆದದ್ದು ಆಕಸ್ಮಿಕವಲ್ಲ, ಆ ಮನುಷ್ಯ ಬದುಕಿದ್ದಾಗಲೇ ಬೇಕೆಂದು ಬರೆದುಕೊಟ್ಟದ್ದು. ತಾನು ಆಡಿದ ಪಾತ್ರ ತನ್ನನ್ನೂ ನೋಡುತ್ತಿದೆ ಎಂದು ಅವರಿಗೆ ಅನ್ನಿಸಿರಬೇಕು. ಡಿಮಿಲ್‌ನಂತೆ ಯಾರೂ ಅವರಿಂದ ಕರಾರು ಬರೆಸಿಕೊಂಡಿರಲಿಲ್ಲ.

ಪ್ರಶಸ್ತಿಗಳ ಪಟ್ಟಿ ಎಲ್ಲರಿಗೂ ಗೊತ್ತು: 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕರ್ನಾಟಕ ರತ್ನ, 1995ರ ದಾದಾಸಾಹೇಬ್ ಫಾಲ್ಕೆ. ಅದರಲ್ಲಿ ನನಗೆ ನಗು ತರಿಸುವುದು ‘ಜೀವನ ಚೈತ್ರ’ದ ಹಾಡಿಗೆ ಬಂದ ರಾಷ್ಟ್ರಪ್ರಶಸ್ತಿ. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಮುಖ ತೋರಿಸಿದವರಿಗೆ ದೆಹಲಿ ಕೊಟ್ಟದ್ದು ಶ್ರೇಷ್ಠ ಗಾಯಕ ಎಂಬ ಹೆಸರು! ಅರ್ಧ ಬದುಕು ಇನ್ನೊಬ್ಬರ ಕಂಠದಲ್ಲಿ ಹಾಡಿದವರು ಅವರು.

ಆದರೆ ನನ್ನ ಮೂಲ ಪ್ರಶ್ನೆಗೆ ಹತ್ತಿರದ್ದು ಅವರ ಒಂದು ರೂಢಿ. ವೇದಿಕೆ ಹತ್ತಿದಾಗಲೆಲ್ಲ ಅವರು ಜನರನ್ನು ಕರೆಯುತ್ತಿದ್ದದ್ದು ಅಭಿಮಾನಿ ದೇವರುಗಳು ಎಂದು. ಬಿಳಿ ಪಂಚೆ, ಬಿಳಿ ಅಂಗಿ, ಜೋಡಿಸಿದ ಕೈ. ರಾಯರಾಗಿ, ಕೃಷ್ಣದೇವರಾಯನಾಗಿ, ಹಿರಣ್ಯಕಶಿಪುವಾಗಿ ನಿಂತ ಮನುಷ್ಯ ಎದುರಿಗಿದ್ದ ಬೆವರಿನ ಜನರಿಗೆ ಕೈ ಮುಗಿಯುತ್ತಿದ್ದ. ಇದನ್ನು ವಿನಯ ಎಂದು ಹೊಗಳಿ ಬಿಡುವುದು ಸುಲಭ. ನನಗೆ ಅನ್ನಿಸುವುದು, ಒಳಗೇನಿದೆ ಎಂಬುದು ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದದ್ದು ಅವರಿಗೇ. ಕಿರೀಟದೊಳಗೆ ರಟ್ಟು, ಗದೆಯೊಳಗೆ ಗಾಳಿ, ಹಾಡಿನೊಳಗೆ ಬೇರೆಯವರ ಕಂಠ. ಇಷ್ಟು ತುಂಡುಗಳು ಕೂಡಿ ಒಂದು ದೇವರಾಗುವುದು ತೆರೆಯ ಮೇಲಲ್ಲ, ಕತ್ತಲಲ್ಲಿ ಕೂತವರ ಕಣ್ಣಿನಲ್ಲಿ ಎಂದು ಕಂಡುಕೊಂಡವರು ಇನ್ನಾರಿಗೆ ಕೈ ಮುಗಿಯಬೇಕು? ಚಿತ್ರಗಾರ ಗೊಂಬೆಗೆ ಮುಗಿಯುತ್ತಾನೆ. ಇಲ್ಲಿ ಗೊಂಬೆಯೇ ತಿರುಗಿ ಮುಗಿಯಿತು.

ಈ ವಿಚಾರವನ್ನು ಕಿನ್ನಾಳದ ಒಬ್ಬ ಹಿರಿಯ ಚಿತ್ರಗಾರರ ಮುಂದೆ ಇಟ್ಟೆ. ಅವರು ಗರುಡನ ರೆಕ್ಕೆಗೆ ಕಿಟ್ಟ ಬಳಿಯುತ್ತಿದ್ದರು. ಕೇಳಿದರೋ ಇಲ್ಲವೋ ತಿಳಿಯಲಿಲ್ಲ. ಕಡೆಗೆ ನಾನೇ, “ಅಜ್ಜಾರ, ರಾಜಕುಮಾರಂದು ಒಂದು ಗೊಂಬಿ ಮಾಡಿಕೊಡ್ತೀರೇನ್ರಿ?” ಎಂದೆ.

“ಯಾಕ ಆಗಂಗಿಲ್ಲ ತಮ್ಮಾ, ಮಾಡೂಣು. ಆದ್ರ ಯಾವ ರಾಜಕುಮಾರ ಬೇಕು, ಅದನ್ನ ಹೇಳು ಮೊದ್ಲ. ರಾಯರಂದ್ರ ಮೀಸಿ ಇಲ್ಲ, ಆಭರಣ ಇಲ್ಲ, ನಾಕ ದಿನದ ಕೆಲಸ. ಹಿರಣ್ಯಕಶಪು ಅಂದ್ರ ಬರೇ ಕಿರೀಟಕ್ಕ ಒಂದ ವಾರ ಹಿಡೀತೈತಿ. ಬಂಗಾರದ ಮನುಷ್ಯಾ ಅಂದಿ ಅಂದ್ರ ಬರೇ ಧೋತ್ರ, ತಲಿಗೆ ರುಂಬಾಲ. ಅದು ಭಾಳ ತ್ರಾಸ. ಮುಚ್ಚಾಕ ಏನೂ ಇರಂಗಿಲ್ಲ ನೋಡು ಅದರಾಗ.”